ಕಣ್ಣೆದುರಿನ ನ್ಯಾಯ: ಸಂಧಾನದ ಇತಿಹಾಸದಲ್ಲಿ ಚಾದರ, ಕಲ್ಲು ಮತ್ತು ನಕ್ಷೆ

ನಮ್ಮ ತಾಲ್ಲೂಕು ಕಚೇರಿಗಳ ಪಡಸಾಲೆಯಲ್ಲಿ ದಿನವೂ ಕಿವಿಗೆ ಬೀಳುವ ನಾಲ್ಕು ಪದಗಳಿವೆ: ತಕರಾರು, ನಕ್ಷೆ, ಮಹಜರು, ರಾಜಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ರೈತನಿಗೆ, ಅವನು ಯಾವ ಧರ್ಮದವನೇ ಆಗಿರಲಿ, ಇವು ಮನೆಮಾತಿನಷ್ಟೇ ಪರಿಚಿತ. ಈ ನಾಲ್ಕೂ ಪದಗಳ ಬೇರು ಅರಬಿ ಭಾಷೆಯಲ್ಲಿದೆ. ಪಾರಸಿಯ ಮೂಲಕ, ಆಡಳಿತದ ಕಾಗದಪತ್ರಗಳ ದಾರಿಯಲ್ಲಿ ಬಂದು ಅವು ಕನ್ನಡದಲ್ಲಿ ನೆಲೆಸಿದವು. ಅರಬಿಯಲ್ಲಿ ‘ತಕ್ರಾರ್’ ಎಂದರೆ ಪುನರಾವರ್ತನೆ, ಒಂದೇ ಮಾತನ್ನು ಮತ್ತೆ ಮತ್ತೆ ಹೇಳುವುದು. ಮದ್ರಸದಲ್ಲಿ ಓದಿದವರಿಗೆ ಇದು ಗೊತ್ತು. ಹಗಲಿನ ಪಾಠವನ್ನು ಸಂಜೆ ವಿದ್ಯಾರ್ಥಿಗಳು ತಮ್ಮತಮ್ಮಲ್ಲಿ ಮತ್ತೊಮ್ಮೆ ಓದಿಕೊಳ್ಳುವುದಕ್ಕೆ ಅಲ್ಲಿ ಇಂದಿಗೂ ತಕ್ರಾರ್ ಎಂದೇ ಹೆಸರು. ‘ನಕ್ಷ್’ ಎಂದರೆ ಕೆತ್ತಿದ್ದು, ಬರೆದ ರೇಖೆ. ‘ಮಹ್ಝರ್’ ಎಂದರೆ ಹಾಜರಿ, ಜನರ ಸಮ್ಮುಖ. ‘ರಾಝಿ’ ಎಂದರೆ ಒಪ್ಪಿ ತೃಪ್ತನಾದವನು.

ಈ ನಾಲ್ಕು ಪದಗಳನ್ನು ಸಾಲಾಗಿ ಇಟ್ಟರೆ ಒಂದು ದಾರಿಯೇ ಗೋಚರಿಸುತ್ತದೆ. ಒಂದೇ ಮಾತನ್ನು ಹೇಳಿ ಹೇಳಿ ಜಗಳ ಬೆಳೆಯುತ್ತದೆ. ಯಾರೋ ಒಬ್ಬರು ಅದನ್ನು ರೇಖೆಯಾಗಿ ಬರೆದು ಕಣ್ಣಿಗೆ ಕಾಣುವಂತೆ ಮಾಡುತ್ತಾರೆ. ಅದನ್ನು ಎಲ್ಲರ ಸಮ್ಮುಖದಲ್ಲಿ ನೋಡಲಾಗುತ್ತದೆ. ಆಗ ಮನಸ್ಸುಗಳು ಒಪ್ಪುತ್ತವೆ. ಇಂದಿನ ಸಂಧಾನ ತಜ್ಞರು ಚಿತ್ರ, ರೇಖೆ, ಕೋಷ್ಟಕಗಳ ಮೂಲಕ ವ್ಯಾಜ್ಯ ಬಗೆಹರಿಸುವುದನ್ನು ಹೊಸ ವಿದ್ಯೆ ಎಂಬಂತೆ ಕಲಿಸುತ್ತಾರೆ. ಇಸ್ಲಾಮೀ ಇತಿಹಾಸವನ್ನೂ ನಮ್ಮ ತುಂಗಭದ್ರಾ ತೀರದ ಇತಿಹಾಸವನ್ನೂ ಬಲ್ಲವರಿಗೆ ಅದರ ಬೇರುಗಳು ಎಷ್ಟು ಹಳೆಯವೆಂದು ತಿಳಿಯುತ್ತದೆ. ಆ ಬೇರುಗಳನ್ನು ಗುರುತಿಸಿ, ನಮ್ಮ ಮನೆಗಳಲ್ಲಿ ಇಂದು ಉರಿಯುತ್ತಿರುವ ಆಸ್ತಿಯ ಜಗಳಗಳಿಗೆ ಅವು ಏನನ್ನು ಹೇಳುತ್ತವೆ ಎಂದು ನೋಡುವುದೇ ಈ ಲೇಖನದ ಉದ್ದೇಶ.

ರಕ್ತದ ಬಟ್ಟಲು ಮತ್ತು ಚಾದರ

ಸುಮಾರು ಕ್ರಿ.ಶ. 605. ಪ್ರವಾದಿ ಮುಹಮ್ಮದ್(ಸ)ರಿಗೆ ಆಗ 35 ವರ್ಷ. ಪ್ರವಾದಿತ್ವ ದೊರೆಯಲು ಇನ್ನೂ ಐದು ವರ್ಷಗಳಿದ್ದವು. ಶಿಥಿಲಗೊಂಡಿದ್ದ ಕಅಬಾಲಯವನ್ನು ಕುರೈಶರು ಮತ್ತೆ ಕಟ್ಟುತ್ತಿದ್ದರು. ಗೋಡೆಗಳ ಕೆಲಸವನ್ನು ಗೋತ್ರಗಳು ಹಂಚಿಕೊಂಡಿದ್ದರಿಂದ ಅಲ್ಲಿಯವರೆಗೆ ತೊಡಕಿರಲಿಲ್ಲ. ಆದರೆ ಹಜರುಲ್ ಅಸ್ವದ್ ಶಿಲೆಯನ್ನು ಅದರ ಸ್ಥಾನದಲ್ಲಿ ಇಡುವ ಹೊತ್ತು ಬಂದಾಗ ಆ ಗೌರವ ತನಗೇ ಸಲ್ಲಬೇಕೆಂದು ಪ್ರತಿಯೊಂದು ಗೋತ್ರವೂ ಹಠ ಹಿಡಿಯಿತು. ಬನೂ ಅಬ್ದುದ್ದಾರ್ ಗೋತ್ರದವರು ರಕ್ತ ತುಂಬಿದ ಬಟ್ಟಲೊಂದನ್ನು ತಂದರು. ಅವರೂ ಬನೂ ಅದಿಯ್ಯ್ ಗೋತ್ರದವರೂ ಅದರಲ್ಲಿ ಕೈ ಅದ್ದಿ, ಸಾಯುವವರೆಗೆ ಹೋರಾಡುವ ಪ್ರತಿಜ್ಞೆ ಮಾಡಿದರು. ನಾಲ್ಕೈದು ರಾತ್ರಿಗಳು ಹೀಗೆಯೇ ಕಳೆದವು.

ಹಿರಿಯರಾದ ಅಬೂ ಉಮಯ್ಯಾ ಬಿನ್ ಮುಗೀರಾ ಒಂದು ಸಲಹೆ ಕೊಟ್ಟರು: ಈ ಬಾಗಿಲಿನಿಂದ ಮೊದಲು ಒಳಬರುವವನನ್ನು ತೀರ್ಪುಗಾರನೆಂದು ಒಪ್ಪಿಕೊಳ್ಳೋಣ. ಮೊದಲು ಬಂದವರು ‘ಅಲ್ ಅಮೀನ್’ ಎಂದು ಎಲ್ಲರೂ ಕರೆಯುತ್ತಿದ್ದ ಮುಹಮ್ಮದ್(ಸ). ಅವರು ಯಾವ ಗೋತ್ರ ದೊಡ್ಡದು ಎಂಬ ಚರ್ಚೆಗೆ ಇಳಿಯಲಿಲ್ಲ. ಒಂದು ವಸ್ತ್ರವನ್ನು ತರಿಸಿ ನೆಲದ ಮೇಲೆ ಹಾಸಿದರು. ಶಿಲೆಯನ್ನು ಅದರ ನಡುವೆ ಇಟ್ಟರು. ಪ್ರತಿಯೊಂದು ಗೋತ್ರದ ಮುಖಂಡನೂ ವಸ್ತ್ರದ ಒಂದೊಂದು ಅಂಚನ್ನು ಹಿಡಿಯಬೇಕೆಂದರು. ಎಲ್ಲರೂ ಒಟ್ಟಾಗಿ ಎತ್ತಿದರು. ಸ್ಥಾನದ ಎತ್ತರಕ್ಕೆ ಬಂದಾಗ ಅವರೇ ಶಿಲೆಯನ್ನು ತೆಗೆದು ಗೋಡೆಯಲ್ಲಿ ಇಟ್ಟರು.

ಈ ಪ್ರಸಂಗವನ್ನು ನಾವು ಮಕ್ಕಳಿಗೆ ಹಲವು ಬಾರಿ ಹೇಳಿದ್ದೇವೆ. ಆದರೆ ಅಲ್ಲಿ ಎರಡು ದೃಶ್ಯಗಳು ಎದುರುಬದುರಾಗಿ ನಿಂತಿವೆ ಎಂಬುದನ್ನು ಗಮನಿಸುವವರು ಕಡಿಮೆ. ರಕ್ತದ ಬಟ್ಟಲೂ ಕಣ್ಣಿಗೆ ಕಾಣುವ ಸಂಕೇತವೇ, ಚಾದರವೂ ಅಂಥದೇ. ಬಟ್ಟಲಿನಲ್ಲಿ ಕೈ ಅದ್ದಿದವರಿಗೆ ಮಾತ್ರ ಜಾಗವಿತ್ತು. ಉಳಿದವರೆಲ್ಲ ಅಲ್ಲಿ ಶತ್ರುಗಳು. ಚಾದರದಲ್ಲಿ ಪ್ರತಿಯೊಬ್ಬರಿಗೂ ಒಂದು ಅಂಚಿತ್ತು. ತನ್ನ ಪಾಲಿನ ಗೌರವ ತನ್ನ ಬೆರಳುಗಳ ನಡುವೆಯೇ ಇದೆ ಎಂದು ಪ್ರತಿಯೊಬ್ಬ ಮುಖಂಡನೂ ಕಂಡುಕೊಂಡನು. ಪಕ್ಕದವನ ಕೈಯಲ್ಲಿಯೂ ಅಷ್ಟೇ ಇದೆ ಎಂಬುದನ್ನೂ ಕಂಡನು. ಆದ್ದರಿಂದ ದೃಶ್ಯವು ತಾನಾಗಿಯೇ ಶಾಂತಿಯನ್ನು ತರುವುದಿಲ್ಲ. ಅದರಲ್ಲಿ ಯಾರಿಗೆಲ್ಲ ಜಾಗವಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಮಸೀದಿಯಲ್ಲಿ ಒಂದು ಕೈಸನ್ನೆ

ಮದೀನಾದ ಜೀವನದಲ್ಲಿ ಇದಕ್ಕಿಂತ ಚಿಕ್ಕದಾದ, ಆದರೆ ಅಷ್ಟೇ ಬೋಧಪ್ರದವಾದ ಘಟನೆಯೊಂದಿದೆ. ಸಹೀಹ್ ಬುಖಾರಿಯಲ್ಲಿ ಅದು ವರದಿಯಾಗಿದೆ. ಕಅಬ್ ಬಿನ್ ಮಾಲಿಕ್(ರ)ರಿಗೆ ಇಬ್ನು ಅಬೀ ಹದ್‌ರದ್(ರ)ರಿಂದ ಸಾಲ ಬರಬೇಕಿತ್ತು. ಮಸೀದಿಯಲ್ಲಿಯೇ ಅದನ್ನು ಕೇಳಿದಾಗ ಇಬ್ಬರ ಧ್ವನಿಯೂ ಏರಿತು. ಮನೆಯೊಳಗಿದ್ದ ಪ್ರವಾದಿವರ್ಯರಿಗೆ(ಸ) ಅದು ಕೇಳಿಸಿತು. ಅವರು ಕೋಣೆಯ ಪರದೆಯನ್ನು ಸರಿಸಿ ಕಅಬ್‌ರನ್ನು ಕರೆದರು. ಸಾಲದಲ್ಲಿ ಅರ್ಧವನ್ನು ಬಿಟ್ಟುಬಿಡು ಎಂದು ಕೈಸನ್ನೆ ಮಾಡಿದರು. ಕಅಬ್ ತಕ್ಷಣ ಒಪ್ಪಿದರು. ಆಗ ಪ್ರವಾದಿವರ್ಯರು(ಸ) ಸಾಲಗಾರನಿಗೆ, ಎದ್ದು ಉಳಿದುದನ್ನು ತೀರಿಸು ಎಂದರು. ಅಲ್ಲಿಗೆ ವ್ಯಾಜ್ಯ ಮುಗಿಯಿತು.

ಕೂಗಾಟದ ನಡುವೆ ಮೂರನೆಯ ಧ್ವನಿಯೊಂದು ಸೇರಿದ್ದರೆ ಕೂಗಾಟವೇ ಹೆಚ್ಚುತ್ತಿತ್ತು. ಕೈಸನ್ನೆಯನ್ನು ನೋಡಬೇಕಾದರೆ ಮಾತು ನಿಲ್ಲಿಸಿ ಅತ್ತ ತಿರುಗಲೇಬೇಕು. ‘ಅರ್ಧ’ ಎಂಬುದು ಇಬ್ಬರಿಗೂ ಒಂದೇ ರೀತಿ ಕಂಡಿತು. ಅದರಲ್ಲಿ ತಪ್ಪು ತಿಳಿಯಲು ಅವಕಾಶವಿರಲಿಲ್ಲ. ಜೊತೆಗೆ ಅಲ್ಲಿ ಎರಡು ಕಡೆಗೂ ಒಂದೊಂದು ಹೊಣೆ ಇತ್ತು: ಒಬ್ಬರು ಬಿಡಬೇಕು, ಇನ್ನೊಬ್ಬರು ಕೂಡಲೇ ಕೊಡಬೇಕು.

ಹಿಜರಿ 6ರ (ಕ್ರಿ.ಶ. 628) ಹುದೈಬಿಯಾ ಒಪ್ಪಂದದಲ್ಲಿಯೂ ಇಂಥ ಎರಡು ಕ್ಷಣಗಳಿವೆ. ಒಪ್ಪಂದ ಪತ್ರದಲ್ಲಿ ‘ಅಲ್ಲಾಹನ ಸಂದೇಶವಾಹಕ’ ಎಂಬ ವಿಶೇಷಣ ಇರಕೂಡದೆಂದು ಕುರೈಶರ ಪ್ರತಿನಿಧಿ ಸುಹೈಲ್ ಬಿನ್ ಅಮ್ರ್ ಪಟ್ಟು ಹಿಡಿದನು. ಬರೆದ ಕೈಯಿಂದ ಅದನ್ನು ಅಳಿಸಲು ಹಝ್ರತ್ ಅಲೀ(ರ)ರ ಮನಸ್ಸು ಒಪ್ಪಲಿಲ್ಲ. ಪ್ರವಾದಿವರ್ಯರು(ಸ) ಆ ಪದವಿರುವ ಜಾಗವನ್ನು ತೋರಿಸುವಂತೆ ಹೇಳಿ ತಾವೇ ಅಳಿಸಿದರು. ಎದುರಾಳಿಯು ಅದನ್ನು ಕಣ್ಣಾರೆ ಕಂಡನು. ಒಪ್ಪಂದ ಮುಗಿದ ಮೇಲೆ ಬಲಿಯರ್ಪಿಸಿ ತಲೆ ಬೋಳಿಸಿಕೊಳ್ಳಿರೆಂದು ಅವರು ಸಹಾಬಿಗಳಿಗೆ ಮೂರು ಸಲ ಹೇಳಿದರೂ ದುಃಖದ ಭಾರದಿಂದ ಯಾರೂ ಏಳಲಿಲ್ಲ. ಆಗ ಉಮ್ಮುಲ್ ಮೂಮಿನೀನ್ ಉಮ್ಮು ಸಲಮಾ(ರ) ಕೊಟ್ಟ ಸಲಹೆ ಇತಿಹಾಸದಲ್ಲಿ ಉಳಿಯಿತು: ಹೊರಗೆ ಹೋಗಿ ಯಾರೊಡನೆಯೂ ಮಾತಾಡದೆ ತಾವೇ ಬಲಿಯರ್ಪಿಸಿ, ಕ್ಷೌರಿಕನನ್ನು ಕರೆಸಿ ತಲೆ ಬೋಳಿಸಿಕೊಳ್ಳಿರಿ. ಅವರು ಹಾಗೆಯೇ ಮಾಡಿದರು. ಅದನ್ನು ಕಂಡ ಸಹಾಬಿಗಳೆಲ್ಲರೂ ಎದ್ದರು. ಮೂರು ಸಲದ ಮಾತಿನಿಂದ ಆಗದ ಕೆಲಸವು ಒಂದು ದೃಶ್ಯದಿಂದ ಆಯಿತು. ಆ ದಾರಿಯನ್ನು ತೋರಿಸಿದವರು ಒಬ್ಬ ಮಹಿಳೆ.

ಇದಕ್ಕೆಲ್ಲ ಕಾರಣವೇನು? ಮಾತು ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ಒಲಿದಿರುವುದಿಲ್ಲ. ಪಿತ್ರಾರ್ಜಿತ ಆಸ್ತಿಯ ಬಗ್ಗೆ ಸಾಕ್ಷ್ಯವಿಲ್ಲದೆ ಜಗಳವಾಡುತ್ತ ಇಬ್ಬರು ಪ್ರವಾದಿವರ್ಯರ(ಸ) ಬಳಿಗೆ ಬಂದ ಪ್ರಸಂಗ ಅಬೂದಾವೂದ್ ಹದೀಸ್ ಸಂಗ್ರಹದಲ್ಲಿದೆ. ತಾನೂ ಮನುಷ್ಯನೇ, ನಿಮ್ಮಲ್ಲಿ ಒಬ್ಬನು ಇನ್ನೊಬ್ಬನಿಗಿಂತ ವಾದದಲ್ಲಿ ಚತುರನಾಗಿರಬಹುದು, ಹಾಗೆ ಗೆದ್ದುಕೊಂಡ ಸಹೋದರನ ಹಕ್ಕು ಬೆಂಕಿಯ ತುಂಡು ಎಂದು ಅವರು ಎಚ್ಚರಿಸಿದರು. ಇಬ್ಬರೂ ಅತ್ತರು, ನನ್ನ ಪಾಲು ನಿನಗಿರಲಿ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಆಗ ಅವರು, ನ್ಯಾಯವನ್ನು ಅರಸಿ ಪಾಲು ಮಾಡಿಕೊಳ್ಳಿರಿ, ಚೀಟಿ ಎತ್ತಿಕೊಳ್ಳಿರಿ, ಬಳಿಕ ಒಬ್ಬರನ್ನೊಬ್ಬರು ಕ್ಷಮಿಸಿರಿ ಎಂದು ಬೋಧಿಸಿದರು. ಮಾತಿನ ಚಾತುರ್ಯಕ್ಕೆ ಸೋಲುವ ನ್ಯಾಯವನ್ನು ಕಾಪಾಡಲು ಕಣ್ಣಿಗೆ ಕಾಣುವ ಪಾಲು ಮತ್ತು ಚೀಟಿ!

ತುಂಗಭದ್ರೆಯ ದಂಡೆಯಲ್ಲಿ

ಅರೇಬಿಯಾದಿಂದ ಈಗ ನಮ್ಮ ನೆಲಕ್ಕೆ ಬರೋಣ. ನಮ್ಮ ಐದು ತಾಲ್ಲೂಕುಗಳು ಹೊಸಪೇಟೆಯೊಂದಿಗೆ ಸೇರಿ 2021ರಲ್ಲಿ ವಿಜಯನಗರ ಜಿಲ್ಲೆಯಾದವು. ಈ ಹೆಸರು ಯಾವ ಸಾಮ್ರಾಜ್ಯದ್ದೋ ಅದರ ಆರಂಭಕಾಲದಲ್ಲಿಯೇ ಒಂದು ದೊಡ್ಡ ಮತೀಯ ವ್ಯಾಜ್ಯ ರಾಜನ ಮುಂದೆ ಬಂದಿತು. ವರ್ಷ 1368, ರಾಜ ಒಂದನೆಯ ಬುಕ್ಕರಾಯ. ವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆ ಎಂದು ಆನೆಗೊಂದಿ, ಪೆನುಗೊಂಡೆ ಮೊದಲಾದ ಸ್ಥಳಗಳ ಜೈನರು ದೂರಿತ್ತರು. ತಮ್ಮ ಬಸದಿಗಳಲ್ಲಿ ಪಂಚಮಹಾವಾದ್ಯಗಳನ್ನು ನುಡಿಸುವ ಮತ್ತು ಕಲಶವನ್ನಿಡುವ ಹಕ್ಕಿನ ಪ್ರಶ್ನೆ ಅದರಲ್ಲಿತ್ತು. ನಮ್ಮ ಸೀಮೆಯಲ್ಲಿಯೂ, ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಕೋಗಳಿಯಂತಹ ಊರುಗಳಲ್ಲಿ, ಪ್ರಾಚೀನ ಬಸದಿಗಳಿದ್ದವು.

ಬುಕ್ಕರಾಯನು ಎರಡೂ ಪಕ್ಷದ ಹಿರಿಯರನ್ನು ಕರೆಸಿದನು. ಎರಡು ದರ್ಶನಗಳ ನಡುವೆ ಭೇದವೆಣಿಸಬಾರದೆಂದು ಹೇಳಿ, ಎಲ್ಲರ ಸಮ್ಮುಖದಲ್ಲಿ ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿ ಇಟ್ಟನು. ಶಾಸನವು ಈ ಕೈಯ ವಿಷಯವನ್ನೇ ಎತ್ತಿ ಹೇಳುತ್ತದೆ. ಜೈನರು ಮನೆಗೊಂದು ಹಣದಂತೆ ವರ್ಷಕ್ಕೊಮ್ಮೆ ಕೊಡಬೇಕು. ತಿರುಮಲೆಯ ತಾತಯ್ಯ ಎಂಬ ವೈಷ್ಣವ ಹಿರಿಯರು ಆ ಹಣದಿಂದ ಶ್ರವಣಬೆಳಗೊಳದ ದೇವರಿಗೆ 20 ಮಂದಿ ಕಾವಲುಗಾರರನ್ನು ನೇಮಿಸಿ, ಉಳಿದುದರಲ್ಲಿ ಜೀರ್ಣವಾದ ಬಸದಿಗಳಿಗೆ ಸುಣ್ಣ ಬಳಿಸಬೇಕು ಎಂದು ನಿಷ್ಕರ್ಷೆಯಾಯಿತು. ಆ ಒಪ್ಪಂದ ಕಲ್ಲಿನ ಮೇಲೆ ಕೆತ್ತಲ್ಪಟ್ಟಿತು. ಶ್ರವಣಬೆಳಗೊಳದಲ್ಲಿಯೂ ಮಾಗಡಿ ತಾಲ್ಲೂಕಿನ ಕಲ್ಯದಲ್ಲಿಯೂ ಆ ಶಾಸನ ಇಂದಿಗೂ ಇದೆ. ಬಸದಿಗಳಲ್ಲಿ ಅದನ್ನು ನೆಡಿಸುವ ಹೊಣೆಯನ್ನು ವೈಷ್ಣವರಿಗೇ ವಹಿಸಲಾಗಿತ್ತು. ಯಾರ ಮೇಲೆ ದೂರಿತ್ತೋ ಅವರೇ ರಕ್ಷಣೆಯ ಗುರುತನ್ನು ನಿಲ್ಲಿಸುವುದನ್ನು ಊರೆಲ್ಲ ನೋಡಬೇಕಾಗಿತ್ತು.

ಮುಂದೆ ಎರಡನೆಯ ದೇವರಾಯನ ಕಾಲದಲ್ಲಿ, ಅಂದರೆ 15ನೆಯ ಶತಮಾನದ ಪೂರ್ವಾರ್ಧದಲ್ಲಿ, ವಿಜಯನಗರದ ಸೈನ್ಯದಲ್ಲಿ ಮುಸ್ಲಿಮರು ಸೇರಿದ್ದರು. ಅವರಲ್ಲೊಬ್ಬನಾದ ಅಹ್ಮದ್ ಖಾನನು 1439ರಲ್ಲಿ ರಾಜನ ಪುಣ್ಯಾರ್ಥವಾಗಿ ಕಟ್ಟಿಸಿದ ಧರ್ಮಶಾಲೆ ಹಂಪಿಯಲ್ಲಿದೆ. ಆ ಕಟ್ಟಡ ಮಸೀದಿಯೆಂದು ಪ್ರಸಿದ್ಧವಾಗಿದೆ. ಆದರೆ ಈ ಸೈನಿಕರ ವಿಷಯದಲ್ಲಿ ಒಂದು ಸೂಕ್ಷ್ಮ ತೊಡಕಿತ್ತು. ಆಸ್ಥಾನದ ಪದ್ಧತಿಯಂತೆ ರಾಜನಿಗೆ ತಲೆಬಾಗಬೇಕು. ಅಲ್ಲಾಹನ ಹೊರತು ಇತರರಿಗೆ ತಲೆಬಾಗಲು ಮುಸ್ಲಿಮನ ವಿಶ್ವಾಸ ಒಪ್ಪದು. ದೇವರಾಯನು ತನ್ನ ಸಿಂಹಾಸನದ ಮುಂದೆ ಬೆಲೆಬಾಳುವ ಪೀಠದ ಮೇಲೆ ಕುರ್‌ಆನಿನ ಪ್ರತಿಯೊಂದನ್ನು ಇರಿಸಿ, ಅವರು ತಮ್ಮ ಧರ್ಮಕ್ಕೆ ಲೋಪ ಬರದಂತೆ ಗೌರವ ಸಲ್ಲಿಸಲು ಅವಕಾಶ ಮಾಡಿಕೊಟ್ಟನೆಂದು ಇತಿಹಾಸಕಾರ ಫಿರಿಷ್ತಾ ಬರೆದಿದ್ದಾನೆ. ಫಿರಿಷ್ತಾ ಈ ಮಾತನ್ನು ಬರೆದದ್ದು ಒಂದೂವರೆ ಶತಮಾನದ ಬಳಿಕ. ಆದರೂ ಎರಡು ನಿಷ್ಠೆಗಳ ನಡುವಿನ ಇಕ್ಕಟ್ಟನ್ನು ಒಂದು ಪೀಠದ ಮೂಲಕ ಪರಿಹರಿಸಿದ ಈ ವೃತ್ತಾಂತ ಮನನಯೋಗ್ಯವಾಗಿದೆ. ಯಾರೂ ವಾದದಲ್ಲಿ ಸೋಲಬೇಕಾಗಲಿಲ್ಲ.

ಅಕ್ಷರ ಬಾರದವನಿಗೂ ತಿಳಿಯುವ ಕಲ್ಲು

ಅರಮನೆಯಿಂದ ಹೊಲದ ಬದುವಿಗೆ ಬಂದರೆ ಅಲ್ಲಿಯೂ ಇದೇ ವಿವೇಕ ಕೆಲಸ ಮಾಡಿದೆ. ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ದೇವಾಲಯವೊಂದರಲ್ಲಿಯೇ 30ಕ್ಕೂ ಹೆಚ್ಚು ಹಳಗನ್ನಡ ಶಾಸನಗಳು ದೊರೆತಿವೆ. ಕರ್ನಾಟಕದ ದಾನಶಾಸನಗಳಲ್ಲಿ ಭೂಮಿಯ ಎಲ್ಲೆಯನ್ನು ದಿಕ್ಕು ದಿಕ್ಕಿಗೆ, ಕೆರೆ, ಹಳ್ಳ, ಗುಡ್ಡ, ಮರ, ನೆಟ್ಟ ಕಲ್ಲುಗಳ ಹೆಸರು ಹಿಡಿದು ಹೇಳುವ ಪದ್ಧತಿಯಿತ್ತು. ಆದರೆ ಅದನ್ನು ಓದಬಲ್ಲವರು ಎಷ್ಟು ಮಂದಿ? ಆದ್ದರಿಂದಲೇ ಶಾಸನದ ತಲೆಯಲ್ಲಿ ಸೂರ್ಯಚಂದ್ರರನ್ನು ಕೆತ್ತುತ್ತಿದ್ದರು: ಸೂರ್ಯಚಂದ್ರರಿರುವವರೆಗೆ ಇದು ನಡೆಯಬೇಕು ಎಂದು. ಹೊಲದ ಅಂಚಿನಲ್ಲಿ ನೆಟ್ಟ ಗಡಿಕಲ್ಲುಗಳಲ್ಲಿಯೂ ಗುರುತುಗಳಿದ್ದವು. ಶಿವಾಲಯದ ಭೂಮಿಗೆ ಲಿಂಗಮುದ್ರೆ, ಬ್ರಾಹ್ಮಣರಿಗೆ ಕೊಟ್ಟ ಭೂಮಿಗೆ ಕೊಡೆ ಹಿಡಿದ ವಾಮನಮುದ್ರೆ, ಬಸದಿಯ ಭೂಮಿಗೆ ಮುಕ್ಕೊಡೆಯ ಮುದ್ರೆ. ಆ ಗುರುತುಗಳ ಧಾರ್ಮಿಕ ಅರ್ಥ ಆಯಾ ಸಮುದಾಯದವರದು. ಆದರೆ ನೇಗಿಲು ಹೂಡುವವನಿಗೆ ಅವು ಹೇಳುತ್ತಿದ್ದ ಮಾತು ಒಂದೇ: ಇಲ್ಲಿಗೆ ನಿಲ್ಲು, ಮುಂದಿನದು ನಿನ್ನದಲ್ಲ.

ಇಸ್ಲಾಮ್ ಕೂಡ ಗಡಿಯ ಗುರುತಿಗೆ ಬಹಳ ಮಹತ್ವ ಕೊಟ್ಟಿದೆ. ಭೂಮಿಯ ಗುರುತುಗಳನ್ನು ಬದಲಿಸುವವನ ಮೇಲೆ ಅಲ್ಲಾಹನ ಶಾಪವಿದೆಯೆಂದು ಪ್ರವಾದಿವರ್ಯರು(ಸ) ಹೇಳಿದ್ದನ್ನು ಹಝ್ರತ್ ಅಲೀ(ರ) ವರದಿ ಮಾಡಿದ್ದಾರೆ. ಅದು ಸಹೀಹ್ ಮುಸ್ಲಿಮ್‌ನಲ್ಲಿದೆ. ಅನ್ಯಾಯವಾಗಿ ಒಂದು ಗೇಣು ನೆಲವನ್ನು ಕಬಳಿಸಿದವನ ಕೊರಳಿಗೆ ಏಳು ಭೂಮಿಗಳು ಸುತ್ತಲ್ಪಡುತ್ತವೆ ಎಂಬ ಎಚ್ಚರಿಕೆಯೂ ಇದೆ. ಮುಂಗಾರಿಗೆ ಒಂದು ಸಾಲು, ಹಿಂಗಾರಿಗೆ ಒಂದು ಸಾಲು ಎಂದು ಬದುವನ್ನು ಒತ್ತುತ್ತ ಹೋಗುವ ಅಭ್ಯಾಸ ನಮ್ಮ ಹಳ್ಳಿಗಳಲ್ಲಿ ಯಾರಿಗೂ ಹೊಸದಲ್ಲ. ಹಾಗೆ ಒತ್ತಿದ ಸಾಲುಗಳ ಲೆಕ್ಕ ಬರೆದಿಡಲ್ಪಡುತ್ತಿದೆ ಎಂಬುದನ್ನು ನಾವು ಮರೆಯಬಾರದು.

ಸರಪಳಿ ಮತ್ತು ನಕ್ಷೆ

1800ರಲ್ಲಿ ಹೈದರಾಬಾದಿನ ನಿಜಾಮನು ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. 1807ರವರೆಗೆ ಇಲ್ಲಿ ಪ್ರಧಾನ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ ಹೊಲಹೊಲವನ್ನೂ ಅಳೆಯಿಸಿದನು. ಅವನ ಉದ್ದೇಶ ಕಂದಾಯ ವಸೂಲಿಯಾಗಿತ್ತು; ಅದರ ಭಾರವನ್ನು ಹೊತ್ತವನು ರೈತ. ಆದರೂ ಆ ಕೆಲಸದಿಂದ ಒಂದು ಬದಲಾವಣೆ ಆಯಿತು: ಊರ ಹಿರಿಯರ ನೆನಪಿನಲ್ಲಿದ್ದ ಹೊಲ ದಾಖಲೆಗೆ ಇಳಿಯಿತು. ಮುಂದೆ ಸರ್ವೇ ನಂಬರು, ಗ್ರಾಮನಕ್ಷೆ, ಬಾಂದುಕಲ್ಲುಗಳ ವ್ಯವಸ್ಥೆ ಬೆಳೆಯಿತು. 1953ರ ಅಕ್ಟೋಬರ್ 1ರಂದು ನಮ್ಮ ಸೀಮೆ ಮದರಾಸಿನಿಂದ ಮೈಸೂರು ರಾಜ್ಯಕ್ಕೆ ಸೇರಿತು. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆಗೆ, 2018ರಲ್ಲಿ ಮರಳಿ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ ಸೇರಿತು. ರಾಜ್ಯ ಬದಲಾಯಿತು, ಜಿಲ್ಲೆ ಬದಲಾಯಿತು; ಹೊಲದ ಮೂಲೆಯ ಕಲ್ಲು ಇದ್ದಲ್ಲಿಯೇ ಇದೆ.

ನಕ್ಷೆಯಿದ್ದರೂ ಜಗಳ ಏಕೆ ನಿಲ್ಲಲಿಲ್ಲ? ನಕ್ಷೆ ಕಚೇರಿಯ ಕಪಾಟಿನಲ್ಲಿದೆ, ಜಗಳ ಬದುವಿನ ಮೇಲಿದೆ. ಇವೆರಡನ್ನು ಒಂದೆಡೆ ತರುವುದಕ್ಕೆ ‘ಹದ್ದುಬಸ್ತು’ ಎನ್ನುತ್ತಾರೆ. ಅರ್ಜಿ ಕೊಟ್ಟಾಗ ಭೂಮಾಪಕರು ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸು ಕೊಟ್ಟು, ಹಳೆಯ ಟಿಪ್ಪಣಿಯನ್ನು ಹಿಡಿದು ನೆಲವನ್ನು ಅಳೆದು ಗಡಿಯನ್ನು ತೋರಿಸುತ್ತಾರೆ. ಬಳಿಕ ಮಹಜರು ಬರೆದು ಸಹಿ ಪಡೆಯುತ್ತಾರೆ. ಅಳತೆಯ ದಿನ ಎರಡೂ ಕಡೆಯವರು ಹಾಜರಿದ್ದು, ಸರಪಳಿ ಎಲ್ಲಿಂದ ಹೊರಟು ಎಲ್ಲಿ ನಿಂತಿತೆಂದು ಕಂಡಿದ್ದರೆ ಆ ಕಲ್ಲು ಬಹುಕಾಲ ನಿಲ್ಲುತ್ತದೆ. ಒಬ್ಬನು ಬೇಕೆಂದೇ ಗೈರುಹಾಜರಾದರೆ, ಅಥವಾ ಇನ್ನೊಬ್ಬನು ಅವನಿಲ್ಲದ ಹೊತ್ತು ನೋಡಿ ಅಳೆಯಿಸಿದರೆ, ಅದೇ ಕಲ್ಲು ಮರುವರ್ಷ ಕಿತ್ತು ಬೀಳುತ್ತದೆ. ಅಳತೆ ಎರಡು ಸಂದರ್ಭಗಳಲ್ಲಿಯೂ ಸರಿಯಾಗಿಯೇ ಇರಬಹುದು. ಆದರೆ ಮೊದಲನೆಯದನ್ನು ಇಬ್ಬರೂ ಕಂಡರು, ಎರಡನೆಯದನ್ನು ಒಬ್ಬನೇ ಕಂಡನು.

ಒಂದು ಎಕರೆಗೆ ನಲವತ್ತು ಗುಂಟೆ

ಪ್ರಿಯ ಓದುಗರೇ, ಈ ಇತಿಹಾಸವನ್ನು ಇಷ್ಟು ವಿವರವಾಗಿ ಹೇಳಿದ್ದಕ್ಕೆ ಒಂದು ಕಾರಣವಿದೆ. ನಮ್ಮ ಕುಟುಂಬಗಳಲ್ಲಿ ತಂದೆ ತೀರಿಕೊಂಡ ಬಳಿಕ ಅಣ್ಣತಮ್ಮಂದಿರು ಮಾತು ಬಿಡುವುದೂ, ಈದ್‌ನ ದಿನವೂ ಒಂದೇ ಸಫ್‌ನಲ್ಲಿ ನಿಲ್ಲದಿರುವುದೂ, ದಾವೆಗಳು ಮುಂದಿನ ತಲೆಮಾರಿಗೆ ದಾಟುವುದೂ ಕಾಣುತ್ತಲೇ ಇದೆ. ಅದಕ್ಕಿಂತಲೂ ನೋವಿನ ಸಂಗತಿ ಬೇರೆಯಿದೆ. ಬಹಳಷ್ಟು ಪಾಲುಪಟ್ಟಿಗಳಲ್ಲಿ ಅಕ್ಕತಂಗಿಯರ ಹೆಸರೇ ಇರುವುದಿಲ್ಲ. ಅವರಿಗೆ ತಮ್ಮ ಪಾಲು ಎಷ್ಟೆಂದು ಯಾರೂ ತೋರಿಸಿರುವುದಿಲ್ಲ. ‘ತವರಿನ ಬಾಗಿಲು ತೆರೆದಿರಬೇಕಲ್ಲವೇನಮ್ಮ’ ಎಂಬ ಮಾತಿಗೆ ಕಟ್ಟುಬಿದ್ದು ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತುತ್ತಾರೆ. ಮಾತಿನಲ್ಲಿ ನಡೆಯುವ ಪಾಲಿನಲ್ಲಿ ಒಬ್ಬಳನ್ನು ಬಿಟ್ಟುಬಿಡುವುದು ಸುಲಭ. ಬರೆದು ಗೋಡೆಗೆ ಅಂಟಿಸಿದ ಪಾಲಿನಲ್ಲಿ ಖಾಲಿ ಬಿಟ್ಟ ಜಾಗ ಎಲ್ಲರ ಕಣ್ಣನ್ನೂ ಚುಚ್ಚುತ್ತದೆ.

ಮದ್ರಸಗಳಲ್ಲಿ ಫರಾಯಿಝ್ ಕಲಿಸುವ ‘ಸಿರಾಜಿ’ ಗ್ರಂಥದ ಪಾಠ ನಡೆಯುವುದೇ ಹೀಗೆ. ‘ಮಯ್ಯಿತ್’, ಅಂದರೆ ಮೃತ, ಎಂಬ ಪದವನ್ನು ಹಲಗೆಯ ಉದ್ದಕ್ಕೂ ಎಳೆದು ಒಂದು ಗೆರೆಯಾಗಿ ಬರೆಯುತ್ತಾರೆ. ಅದರ ಕೆಳಗೆ ಒಬ್ಬೊಬ್ಬ ವಾರಸುದಾರನ ಹೆಸರು; ಹೆಸರಿನ ಕೆಳಗೆ ಅವನ ಅಥವಾ ಅವಳ ಭಾಗ. ಲೆಕ್ಕ ಮಾಡುವ ಮೊದಲೇ ಎಲ್ಲರೂ ಆ ಗೆರೆಯ ಕೆಳಗೆ ಬಂದಿರಬೇಕು. ಯಾರನ್ನೂ ಮರೆಯಲು ಆ ಗೆರೆ ಬಿಡುವುದಿಲ್ಲ.

ಒಂದು ಉದಾಹರಣೆ ನೋಡೋಣ. ಒಬ್ಬನು ಪತ್ನಿ, ಇಬ್ಬರು ಗಂಡುಮಕ್ಕಳು ಮತ್ತು ಒಬ್ಬ ಮಗಳನ್ನು ಬಿಟ್ಟು ತೀರಿಕೊಂಡನೆನ್ನಿ. ಅಂತ್ಯಸಂಸ್ಕಾರದ ವೆಚ್ಚ, ಸಾಲ, ಮೂರನೆಯ ಒಂದಂಶ ಮೀರದ ವಸಿಯ್ಯತ್ ಇವುಗಳನ್ನು ತೀರಿಸಿದ ಮೇಲೆ ಉಳಿದುದರಲ್ಲಿ ಪತ್ನಿಗೆ ಎಂಟನೆಯ ಒಂದಂಶ. ಮಿಕ್ಕುದರಲ್ಲಿ ಒಬ್ಬ ಗಂಡುಮಗನಿಗೆ ಇಬ್ಬರು ಹೆಣ್ಣುಮಕ್ಕಳ ಪಾಲು. ಮೊದಲು 8ರಿಂದ ಹೊರಟ ಈ ಲೆಕ್ಕ, ಭಿನ್ನರಾಶಿ ಬಾರದಂತೆ ಸರಿಪಡಿಸಿದಾಗ 40ಕ್ಕೆ ಬಂದು ನಿಲ್ಲುತ್ತದೆ: ಪತ್ನಿಗೆ 5, ಒಬ್ಬೊಬ್ಬ ಮಗನಿಗೆ 14, ಮಗಳಿಗೆ 7. ನಮ್ಮ ಎಕರೆಗೂ 40 ಗುಂಟೆ! ಆದ್ದರಿಂದ ಪ್ರತಿಯೊಂದು ಎಕರೆಯಲ್ಲಿ ತಾಯಿಗೆ 5 ಗುಂಟೆ, ಅಣ್ಣನಿಗೆ 14, ತಮ್ಮನಿಗೆ 14, ತಂಗಿಗೆ 7. ಹತ್ತು ಎಕರೆಯಾದರೆ ತಾಯಿಗೆ 1 ಎಕರೆ 10 ಗುಂಟೆ, ಒಬ್ಬೊಬ್ಬ ಮಗನಿಗೆ 3 ಎಕರೆ 20 ಗುಂಟೆ, ಮಗಳಿಗೆ 1 ಎಕರೆ 30 ಗುಂಟೆ.

ಇದನ್ನು ಬಾಯಲ್ಲಿ ಹೇಳಿದರೆ ಅರ್ಧ ಜನಕ್ಕೆ ತಿಳಿಯದು, ಇನ್ನರ್ಧ ಜನಕ್ಕೆ ಅನುಮಾನ ಬರುವುದು. ಜಮಖಾನೆಯ ಮೇಲೆ 40 ಶೇಂಗಾ ಕಾಯಿಗಳನ್ನು ಎಣಿಸಿ ನಾಲ್ಕು ಗುಂಪು ಮಾಡಿ ಇಡಿರಿ. ಅಕ್ಷರ ಕಲಿಯದ ಅಜ್ಜಿಯೂ ತನ್ನ ಮುಂದಿನ ಐದು ಕಾಯಿಗಳನ್ನು ನೋಡುವಳು. ತಂಗಿಯ ಮುಂದಿನ ಏಳನ್ನೂ ನೋಡುವಳು. ಆ ಏಳನ್ನು ಅಲ್ಲಿಂದ ತೆಗೆಯಬೇಕಾದವನು ಎಲ್ಲರೂ ನೋಡುತ್ತಿರುವಾಗಲೇ ಕೈ ಚಾಚಬೇಕು. ತಂಗಿಯು ತನ್ನ ಹಕ್ಕನ್ನು ಬಿಡುವುದಾದರೂ ತಾನು ಬಿಡುತ್ತಿರುವುದು ಎಷ್ಟೆಂದು ಕಂಡು, ಒತ್ತಾಯವಿಲ್ಲದೆ, ತನ್ನ ಇಚ್ಛೆಯಿಂದ ಬಿಡಲಿ. ಕಾಣದುದನ್ನು ಬಿಟ್ಟುಕೊಟ್ಟದ್ದನ್ನು ರಾಜಿ ಎನ್ನಲಾಗದು.

ಸಂಧಾನಕ್ಕೆ ಕೂರುವವರಿಗೆ

ನಮ್ಮ ದೇಶದ ಕಾನೂನು ಕೂಡ ಸಂಧಾನದ ದಾರಿಯನ್ನು ವಿಸ್ತರಿಸಿದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೆಯ ಕಲಮು 2002ರಿಂದ ಜಾರಿಯಲ್ಲಿದೆ. ನ್ಯಾಯಾಲಯವೇ ದಾವೆಯನ್ನು ಸಂಧಾನಕ್ಕೆ ಕಳುಹಿಸಬಹುದು. ಕರ್ನಾಟಕ ಹೈಕೋರ್ಟಿನ ಆಶ್ರಯದಲ್ಲಿ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರವು 2007ರಿಂದ ಕೆಲಸ ಮಾಡುತ್ತಿದೆ. 2023ರಲ್ಲಿ ಸಂಸತ್ತು ಮಧ್ಯಸ್ಥಿಕೆ ಕಾಯ್ದೆಯನ್ನು ಅಂಗೀಕರಿಸಿತು. ಊರಿನ ಶಾಂತಿಗೆ ಭಂಗ ತರಬಹುದಾದ ವ್ಯಾಜ್ಯಗಳ ಸಾಮುದಾಯಿಕ ಸಂಧಾನದ ಬಗ್ಗೆ ಅದರಲ್ಲಿ ಪ್ರತ್ಯೇಕ ಅಧ್ಯಾಯವೇ ಇದೆ. ಲೋಕ ಅದಾಲತ್ ಮತ್ತು ತಾಲ್ಲೂಕು ಕಾನೂನು ಸೇವಾ ಸಮಿತಿಗಳನ್ನು ನಮ್ಮವರು ಈಗಾಗಲೇ ಬಲ್ಲರು. ವಿಶ್ವಾಸಿಗಳ ನಡುವೆ ಸಂಧಾನ ಮಾಡಿಸಬೇಕೆಂದು ಸೂರಃ ಅಲ್ ಹುಜುರಾತ್ ಆದೇಶಿಸುತ್ತದೆ. ದಂಪತಿಗಳ ಬಿರುಕಿಗೆ ಎರಡೂ ಕಡೆಯಿಂದ ಒಬ್ಬೊಬ್ಬ ಮಧ್ಯಸ್ಥರನ್ನು ನೇಮಿಸಲು ಸೂರಃ ಅನ್ನಿಸಾ ಕಲಿಸುತ್ತದೆ. ಹೀಗಿರುವಾಗ ಮಸೀದಿ ಕಮಿಟಿಯಲ್ಲೋ ಮನೆಯ ಪಡಸಾಲೆಯಲ್ಲೋ ಹಿರಿಯರು ಪಂಚಾಯಿತಿಗೆ ಕುಳಿತಾಗ ಕೆಲವು ವಿಷಯಗಳನ್ನು ನೆನಪಿಡಬೇಕು.

ಮೊದಲನೆಯದು, ಚಿತ್ರವನ್ನು ಮನೆಯಲ್ಲಿ ಬರೆದುಕೊಂಡು ಬರಬಾರದು; ಎಲ್ಲರ ಮುಂದೆ, ಎಲ್ಲರ ಮಾತು ಕೇಳುತ್ತ ಬರೆಯಬೇಕು. ಒಂದು ಪಕ್ಷ ತಂದ ನಕ್ಷೆಯು ಇನ್ನೊಂದು ಪಕ್ಷದ ಕಣ್ಣಿಗೆ ರಕ್ತದ ಬಟ್ಟಲಿನಂತೆಯೇ ಕಾಣುವುದು. ಎರಡನೆಯದು, ಒಪ್ಪಿತವಾದುದನ್ನು ಮೊದಲು ಬರೆಯಬೇಕು: ವಂಶವೃಕ್ಷ, ಸರ್ವೇ ನಂಬರು, ಬಾವಿ, ದಾರಿ. ಜಗಳವಿರುವ ಜಾಗ ಹಾಳೆಯ ಒಂದು ಮೂಲೆಯಷ್ಟೇ ಎಂದು ಕಂಡಾಗ ಸಿಟ್ಟಿನ ಗಾತ್ರವೂ ಇಳಿಯುತ್ತದೆ. ಮೂರನೆಯದು, ಗುಂಟೆಯ ಜೊತೆಗೆ ಮಣ್ಣನ್ನೂ ನೋಡಬೇಕು. ಎರೆಭೂಮಿ, ಮಸಾರಿ, ಬೋರ್‌ವೆಲ್, ರಸ್ತೆಯ ಬದಿ ಇವೆಲ್ಲ ನಕ್ಷೆಯಲ್ಲಿ ಕಾಣಲಿ. ಸಮಾನವೆಂದು ಎಲ್ಲರೂ ಒಪ್ಪಿದ ಪಾಲುಗಳಾದ ಮೇಲೆ ಚೀಟಿ ಎತ್ತಲಿ. ನಾಲ್ಕನೆಯದು, ಹೆಣ್ಣುಮಕ್ಕಳು ಪರದೆಯ ಹಿಂದೆ ಇದ್ದರೂ ಹಾಳೆ ಅವರ ಕೈಗೆ ಹೋಗಬೇಕು. ಅವರು ನೋಡಿದ ಬಳಿಕವೇ ಮಾತು ಮುಂದುವರಿಯಬೇಕು. ಐದನೆಯದು, ಈ ಹಾಳೆಯಿಂದ ಮಾಲೀಕತ್ವ ಬದಲಾಗದು. ಪೋಡಿ, 11ಇ ನಕ್ಷೆ, ನೋಂದಣಿ ಎಲ್ಲವನ್ನೂ ಕಾನೂನಿನಂತೆ ಮುಗಿಸಬೇಕು. ಸಾಲವನ್ನು ಬರೆದಿಡಬೇಕೆಂದು ಕಲಿಸಿದ ಧರ್ಮದವರು ನಾವು. ಭೂಮಿಯ ಒಪ್ಪಂದವನ್ನು ಬಾಯಿಮಾತಿಗೆ ಬಿಡುವುದು ನಮಗೆ ಶೋಭಿಸದು.

ಚಿತ್ರ ಎಂದೊಡನೆ ಕೆಲವರ ಮನಸ್ಸಿನಲ್ಲಿ ಸಂಶಯ ಮೂಡಬಹುದು. ವಿದ್ವಾಂಸರ ಚರ್ಚೆಯಿರುವುದು ಜೀವಿಗಳ ಚಿತ್ರಗಳ ಬಗ್ಗೆ. ಗೆರೆ, ಚೌಕ, ನಕ್ಷೆಗಳಿಗೆ ಅದು ಅನ್ವಯಿಸದು. ಮನುಷ್ಯನ ಆಯುಷ್ಯ ಮತ್ತು ಆಸೆಯನ್ನು ವಿವರಿಸಲು ಪ್ರವಾದಿವರ್ಯರು(ಸ) ಸ್ವತಃ ಒಂದು ಚೌಕವನ್ನೂ, ಅದನ್ನು ದಾಟಿ ಹೋಗುವ ಗೆರೆಯನ್ನೂ ಎಳೆದು ತೋರಿಸಿದ್ದನ್ನು ಇಬ್ನು ಮಸ್‌ಊದ್(ರ) ವರದಿ ಮಾಡಿದ್ದಾರೆ. ಆ ಚೌಕ ನಮ್ಮ ಆಯುಷ್ಯ. ಹೊರಗೆ ಚಾಚಿದ ಗೆರೆ ನಮ್ಮ ಆಸೆ. ಬದುವನ್ನು ಒತ್ತುವವನಿಗೆ ಇದಕ್ಕಿಂತ ಸ್ಪಷ್ಟವಾದ ನಕ್ಷೆ ಬೇಕಿಲ್ಲ.

ಇಂದು ಪ್ರತಿಯೊಂದು ಕೈಯಲ್ಲಿಯೂ ಮೊಬೈಲ್ ಇದೆ. ಜಗಳದ ಒಂದು ತುಣುಕನ್ನು ಚಿತ್ರಿಸಿ ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದು ಕ್ಷಣದ ಕೆಲಸ. ಅದನ್ನು ಕಂಡ ಸಂಬಂಧಿಕರು ಮುಂಬಯಿಯಿಂದಲೋ ಸೌದಿಯಿಂದಲೋ ಬೆಂಕಿಗೆ ಎಣ್ಣೆ ಸುರಿಯುತ್ತಾರೆ. ಅದೇ ಮೊಬೈಲಿನಿಂದ ಅಳತೆಯ ದಿನ ಬಾಂದುಕಲ್ಲನ್ನೂ, ಅದರ ಪಕ್ಕ ನಿಂತ ಇಬ್ಬರು ಸಹೋದರರನ್ನೂ ಅವರ ಒಪ್ಪಿಗೆಯಿಂದ ಚಿತ್ರಿಸಿ ಇಟ್ಟುಕೊಳ್ಳಲೂಬಹುದು. ಸಾಧನ ಒಂದೇ, ಅದು ಬಟ್ಟಲಾಗಬೇಕೋ ಚಾದರವಾಗಬೇಕೋ ಎಂಬುದು ಹಿಡಿದವನ ಕೈಯಲ್ಲಿದೆ.

ಈ ವಾರ ಜುಮುಅಃ ನಮಾಝ್ ಮುಗಿಸಿ ಮನೆಗೆ ಬಂದಾಗ ನಿಮ್ಮ ಕುಟುಂಬದ ವಾರಸುದಾರರ ಹೆಸರುಗಳನ್ನು ಒಂದು ಹಾಳೆಯ ಮೇಲೆ, ಒಂದೇ ಗೆರೆಯ ಕೆಳಗೆ, ಎಲ್ಲರ ಮುಂದೆ ಬರೆಯಿರಿ. ಅಕ್ಕತಂಗಿಯರ ಹೆಸರನ್ನು ಬಿಡಬೇಡಿರಿ. ತೀರಿಕೊಂಡವರ ಪಾಲನ್ನು ಬದುಕಿರುವವರು ನ್ಯಾಯವಾಗಿ ಹಂಚಿಕೊಳ್ಳುವ ಧೈರ್ಯವನ್ನೂ, ಹಂಚಿಕೊಂಡ ಬಳಿಕ ಒಂದೇ ಸಫ್‌ನಲ್ಲಿ ನಿಲ್ಲುವ ಪ್ರೀತಿಯನ್ನೂ ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.